ಅಕ್ಕಡಿ ಸಾಲಿನ ಜೇನು

1980ರ ದಶಕದಲ್ಲಿ ನಮ್ಮ ಮನೆ ಬೆಂಗಳೂರಿನ ಜೆ.ಪಿ. ನಗರದ ಸಾರಕ್ಕಿ ಅಂಚಿನಲ್ಲಿತ್ತು. ಹಿತ್ತಿಲ ಸೀಬೆಮರದ ನೆರಳಲ್ಲಿ ಸೋದರಮಾವ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದರು. ಪಾದ್ರಿ ನ್ಯೂಟನ್ ತಿರುಚಿರಾಪಳ್ಳಿಯಲ್ಲಿ ನಮ್ಮ ಸಣ್ಣ ನೊಣಕ್ಕೆಂದೇ ರೂಪಿಸಿದ ಪೆಟ್ಟಿಗೆ ಅದು: ಕೆಳಗೆ ಸಂಸಾರ ಕೋಣೆ, ಮೇಲೆ ಜೇನು ಕೋಣೆ. ಇರುವೆ ಹತ್ತದಂತೆ ಕಾಲುಗಳಿಗೆ ನೀರಿನ ಬಟ್ಟಲು.

ಹೊಂಗೆ ಹೂವಿನ ಜೇನು ತೆಗೆದಾದ ಮೇಲೆ ಮಳೆ ಹಿಡಿಯುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೊಣಗಳಿಗೆ ಅರೆಹೊಟ್ಟೆ. ಮಾವ ಸಂಜೆಗತ್ತಲಲ್ಲಿ ಮುಚ್ಚಳ ಎತ್ತಿ, ತೆಂಗಿನ ಚಿಪ್ಪಿನಲ್ಲಿ ಸಕ್ಕರೆ ಪಾಕ ಇಡುತ್ತಿದ್ದರು. ನೊಣ ಮುಳುಗದಿರಲೆಂದು ಅದರ ಮೇಲೆ ಹುಲ್ಲುಕಡ್ಡಿ. ಹಗಲಲ್ಲಿ ಇಟ್ಟರೆ ಬೇರೆ ಗೂಡಿನ ನೊಣಗಳು ವಾಸನೆ ಹಿಡಿದು ದೋಚಲು ಬರುತ್ತವೆ. ಅಕ್ಟೋಬರ್ ಬಂತೆಂದರೆ ಪಾಕ ನಿಲ್ಲುತ್ತಿತ್ತು. ಸುತ್ತಲ ಹೊಲಗಳಲ್ಲಿ ರಾಗಿಯ ನಡುವೆ ಬಿತ್ತಿದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಡುತ್ತಿತ್ತು. ಕೆಲಸಗಾರ ನೊಣಗಳು ಕಾಲಿಗೆ ಹಳದಿ ಪರಾಗದ ಉಂಡೆ ಅಂಟಿಸಿಕೊಂಡು ಬಾಗಿಲಲ್ಲಿ ಇಳಿಯುತ್ತಿದ್ದವು. ಚಳಿಗಾಲದ ದಾಸ್ತಾನು ಆ ಹೊಲಗಳದೇ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ನಮ್ಮ ಎರಿಗಳಲ್ಲೂ ಮರಿಹುಳುಗಳು ನೀರು ತುಂಬಿದ ಚೀಲಗಳಾಗಿ, ತಲೆ ಮೇಲೆತ್ತಿಕೊಂಡೇ ಸತ್ತಿದ್ದವು. ಮಾವ ಖಾಲಿ ಪೆಟ್ಟಿಗೆಗಳನ್ನು ತೊಳೆದು ಅಟ್ಟಕ್ಕೆ ಹಾಕಿದರು.

ತುಡುವೆ ಮತ್ತೆ ಚೇತರಿಸಿಕೊಂಡಿದೆ; ಹೊಲಗಳು ಮರಳಲಿಲ್ಲ. ಸಾರಕ್ಕಿಯಿಂದ ಯಲಚೇನಹಳ್ಳಿವರೆಗೆ ಈಗ ಮನೆಗಳೇ. 2017ರಲ್ಲಿ ಯಲಚೇನಹಳ್ಳಿಗೆ ಮೆಟ್ರೊ ಬಂತು. ಜೇನುಪೆಟ್ಟಿಗೆ ಹಿತ್ತಿಲಿಂದ ತಾರಸಿಗೆ ಏರಿದೆ. ಮೇಲಿನ ಮನೆಯ ಹುಡುಗಿ ಹೊಸದಾಗಿ ಒಂದು ಕುಟುಂಬ ತಂದಿಟ್ಟಿದ್ದಾಳೆ. ಹಿಮ ಬೀಳುವ ದೇಶಗಳ ವಿಡಿಯೊ ನೋಡಿ ನವೆಂಬರ್‌ನಲ್ಲಿ ಕೇಳಿದಳು: "ಅಂಕಲ್, ಚಳಿಗೆ ಥರ್ಮಾಕೋಲ್ ಸುತ್ತಬೇಕಾ?"

"ಬೇಡಮ್ಮ. ಮೊದಲು ಒಳಗೆ ಊಟ ಎಷ್ಟಿದೆ ನೋಡು."

ಬೆಂಗಳೂರಿನ ದಾಖಲೆಯ ಚಳಿಯೇ 1884ರ ಜನವರಿಯ 7.8 ಡಿಗ್ರಿ. ಮರಿಗಳಿರುವ ಎರಿಯನ್ನು 34-35 ಡಿಗ್ರಿ ಶಾಖದಲ್ಲಿಡಲು ನೊಣಗಳು ರೆಕ್ಕೆಯ ಸ್ನಾಯುಗಳನ್ನು ಅದುರಿಸುತ್ತವೆ. ಅದಕ್ಕೆ ಉರುವಲು ಜೇನು. ಹೊಟ್ಟೆ ತುಂಬಿದ ದೊಡ್ಡ ಕುಟುಂಬ ಇಲ್ಲಿನ ಚಳಿಗೆ ಜಗ್ಗುವುದಿಲ್ಲ. ಹಸಿದ ಕುಟುಂಬ ಸೊರಗುತ್ತದೆ, ಇಲ್ಲವೇ ಗೂಡು ಬಿಟ್ಟು ಹಾರಿಹೋಗುತ್ತದೆ.

ಹೊಸಬರು ಮಾಡಬೇಕಾದದ್ದು ಇಷ್ಟು. ಮೊದಲ ವರ್ಷ ಜೇನು ತೆಗೆಯಬೇಡಿ. ಮಳೆಗಾಲದಲ್ಲಿ ಸಕ್ಕರೆ, ನೀರು ಸಮಪಾಲು ಬೆರೆಸಿ ಕೊಡಿ. ಹೂವು ಬರುವವರೆಗೆ ನಿಲ್ಲಿಸಬೇಡಿ. ನೊಣ ಕೂರದ ಖಾಲಿ ಎರಿಗಳನ್ನು ಹೊರತೆಗೆಯಿರಿ, ಮೇಣದ ಪತಂಗ ಮೊಟ್ಟೆಯಿಡುವುದು ಅಲ್ಲೇ. ಅಡಿಮಣೆಯ ಕಸ ಗುಡಿಸಿ, ಬಾಗಿಲು ಕಿರಿದುಮಾಡಿ, ಪೆಟ್ಟಿಗೆಯನ್ನು ಎರಚಲು ತಾಗದಂತೆ ಸ್ವಲ್ಪ ಮುಂದಕ್ಕೆ ಬಾಗಿಸಿಡಿ. ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ತೇವ ಕಟ್ಟುತ್ತದೆ.

ಚಳಿಗಾಲದ ಊಟ ಒದಗಿಸುವ ಕೆಲಸವನ್ನು ಮಾವನ ಕಾಲದಲ್ಲಿ ರೈತರ ಹೊಲ ಮಾಡುತ್ತಿತ್ತು, ಯಾರೂ ಕೇಳದೆ. ಈಗ ಸಾಕುವವರೇ ಮಾಡಬೇಕು. ತುಡುವೆ ಮೇಯುವುದು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರದೊಳಗೆ. ಪೆಟ್ಟಿಗೆ ಕೊಳ್ಳುವ ಮೊದಲು ಆಗಸ್ಟ್‌ನಲ್ಲೊಮ್ಮೆ ನಿಮ್ಮ ಬಡಾವಣೆ ಸುತ್ತಿ, ಏನೇನು ಹೂ ಬಿಟ್ಟಿದೆ ನೋಡಿ. ಕ್ರೋಟನ್ ಕುಂಡಗಳೇ ಕಂಡರೆ ತುಳಸಿ, ಕಾಮಕಸ್ತೂರಿ, ನುಗ್ಗೆ ನೆಡಿ. ಜೇನು ಆಮೇಲೆ ತನ್ನಿ.