ಅಂಶ, ಛೇದ ಮತ್ತು ನನ್ನ ಆಸೆ

ಗೂಗಲ್‌ನಲ್ಲಿ ಏನನ್ನಾದರೂ ಹುಡುಕಿದಾಗ ಮೇಲ್ಗಡೆ ಬರುವ ಜಾಹೀರಾತುಗಳನ್ನು ಬರೆದು, ಅವಕ್ಕೆ ಕ್ಲಿಕ್ ತರಿಸುವುದು ನನ್ನ ವೃತ್ತಿ. ಬೆಳಿಗ್ಗೆ ಖಾತೆ ತೆರೆದ ಕೂಡಲೇ ಕಣ್ಣು ಹೋಗುವುದು ಸಿಟಿಆರ್ ಕಾಲಮ್ಮಿಗೆ: ಜಾಹೀರಾತು ಎಷ್ಟು ಸಲ ಕಾಣಿಸಿತು, ಅದರಲ್ಲಿ ಎಷ್ಟು ಸಲ ಜನ ಒತ್ತಿದರು ಎಂಬ ಶೇಕಡಾವಾರು ಲೆಕ್ಕ. ಅದು ಏರಿದ್ದರೆ ದಿನವಿಡೀ ಹುರುಪು. ಈ ಹಿಗ್ಗು ಎಲ್ಲಿಂದ ಬರುತ್ತದೆ ಎಂದು ನನ್ನನ್ನೇ ಕೇಳಿಕೊಳ್ಳತೊಡಗಿದ್ದು ಈಚೆಗೆ. ಉತ್ತರ ಹಿತವಾಗಿಲ್ಲ.

ಸಿಟಿಆರ್ ಒಂದು ಭಿನ್ನರಾಶಿ. ಮೇಲೆ ಕ್ಲಿಕ್, ಕೆಳಗೆ ಇಂಪ್ರೆಷನ್, ಅಂದರೆ ಜಾಹೀರಾತು ಕಾಣಿಸಿಕೊಂಡ ಸಲ. ಅದನ್ನು ಹೆಚ್ಚಿಸಲು ದಾರಿ ಎರಡು. ನೋಡಿದವರಲ್ಲಿ ಹೆಚ್ಚು ಜನ ಒತ್ತುವಂತೆ ಮಾಡಿ ಅಂಶವನ್ನು ಬೆಳೆಸಬಹುದು. ಇಲ್ಲವೇ ನಮ್ಮ ಅಗತ್ಯವಿಲ್ಲದವರ ಕಣ್ಣಿಗೆ ಬೀಳದೆ ಛೇದವನ್ನು ಇಳಿಸಬಹುದು. ನನ್ನ ಮನಸ್ಸು ವಾಲುವುದು ಮೊದಲನೆಯದಕ್ಕೇ.

ಬೆಂಗಳೂರಿನ ಒಂದು ವಾಷಿಂಗ್ ಮೆಷಿನ್ ರಿಪೇರಿ ಅಂಗಡಿಯ ಜಾಹೀರಾತು ನನ್ನ ಕೈಯಲ್ಲಿದೆ. ಅದರ ಸರ್ಚ್ ಟರ್ಮ್ಸ್ ರಿಪೋರ್ಟ್ ತೆರೆದರೆ ಜನ ಟೈಪ್ ಮಾಡಿದ ಮಾತುಗಳೇ ಸಿಗುತ್ತವೆ: ರಿಪೇರಿ ಕಲಿಯುವ ಕೋರ್ಸ್, ಮೆಕ್ಯಾನಿಕ್ ಕೆಲಸ ಖಾಲಿ ಇದೆಯಾ, ಸೆಕೆಂಡ್ ಹ್ಯಾಂಡ್ ಮೆಷಿನ್ ಬೆಲೆ. ಇವರ್ಯಾರೂ ಅಂಗಡಿಯ ಗಿರಾಕಿಗಳಲ್ಲ. 'ಕೋರ್ಸ್', 'ಕೆಲಸ', 'ಸೆಕೆಂಡ್ ಹ್ಯಾಂಡ್' ಎಂಬ ಪದಗಳನ್ನು ಒಂದೊಂದಾಗಿ ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿದರೆ ಜಾಹೀರಾತು ಇವರಿಗೆ ಕಾಣುವುದು ನಿಲ್ಲುತ್ತದೆ, ಸಿಟಿಆರ್ ತಾನಾಗಿ ಏರುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವಂಥ ಕೆಲಸ ಇದು. ಯಾರೂ ಭೇಷ್ ಅನ್ನುವುದಿಲ್ಲ. ನಾನೂ ಅದನ್ನು ಸಂಜೆಗೆ, ಮರುದಿನಕ್ಕೆ ಮುಂದೂಡುತ್ತಿರುತ್ತೇನೆ.

ಹೆಡ್‌ಲೈನ್ ಬರೆಯುವುದಾದರೆ ಹಾಗಲ್ಲ, ಊಟ ಮರೆತು ಕೂರುತ್ತೇನೆ. ಒಂದು ಹೆಡ್‌ಲೈನಿಗೆ 30 ಅಕ್ಷರಗಳ ಮಿತಿ. ಒಂದು ಜಾಹೀರಾತಿಗೆ 15ರವರೆಗೆ ಕೊಡಬಹುದು, ಯಾವುದನ್ನು ಯಾವುದರ ಜೊತೆ ಜೋಡಿಸಬೇಕೆಂದು ಯಂತ್ರವೇ ನೋಡಿಕೊಳ್ಳುತ್ತದೆ. 'ಇವತ್ತೇ ಮನೆಗೆ ಬರುತ್ತೇವೆ' ಎಂದರೆ ಕ್ಲಿಕ್ ಬರುತ್ತವೆ. 'ತಪಾಸಣೆಗೆ ₹350' ಎಂದರೆ ಕಡಿಮೆಯಾಗುತ್ತವೆ. ಆದರೆ ಆ ಬೆಲೆ ಓದಿಯೂ ಒತ್ತಿದವರು ಫೋನ್ ಮಾಡುತ್ತಾರೆ, ಕೆಲಸ ಕೊಡುತ್ತಾರೆ. ಪುಕ್ಕಟೆ ತಪಾಸಣೆ ಬೇಕಿದ್ದವರು ಒತ್ತದೇ ಹೋದದ್ದರಿಂದ ಮಾಲೀಕರಿಗೆ ಅಷ್ಟು ಕ್ಲಿಕ್ಕಿನ ದುಡ್ಡು ಉಳಿಯುತ್ತದೆ. ಇದೆಲ್ಲ ಗೊತ್ತಿದ್ದೂ ಬೆಲೆಯ ಸಾಲು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಮಾಲೀಕರ ಲಾಭಕ್ಕಿಂತ ನನ್ನ ಮಾತಿಗೆ ಜನ ಓಗೊಟ್ಟರೆಂಬ ಸುಖ ನನಗೆ ಹೆಚ್ಚು ಬೇಕಾಗಿದೆ.

ನನ್ನ ಈ ಆಸೆಗೆ ಇಂಬು ಕೊಡುವ ಗುಣ ಜಾಹೀರಾತಿಗೆ ಜಾಗ ಹಂಚುವ ಹರಾಜಿನೊಳಗೂ ಇದೆ. 1998ರಲ್ಲಿ ಗೋಟೂ ಡಾಟ್ ಕಾಮ್ ಎಂಬ ಹುಡುಕುತಾಣ ಕ್ಲಿಕ್ಕಿಗೆ ಇಷ್ಟು ಎಂದು ಹರಾಜು ಶುರುಮಾಡಿದಾಗ ಹೆಚ್ಚು ಕೂಗಿದವರಿಗೆ ಮೇಲಿನ ಜಾಗ ಸಿಗುತ್ತಿತ್ತು. 2002ರಲ್ಲಿ ಗೂಗಲ್ ಬಿಡ್ಡನ್ನು, ಅಂದರೆ ಕೂಗಿದ ಬೆಲೆಯನ್ನು, ಸಿಟಿಆರ್‌ನಿಂದ ಗುಣಿಸಿ ಜಾಗ ಹಂಚತೊಡಗಿತು. ಯಾರೂ ಒತ್ತದ ಜಾಹೀರಾತಿನಿಂದ ಅದಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲವಲ್ಲ. ಇದರಿಂದ, ಹುಡುಕುವವರಿಗೆ ಬೇಕಾದ್ದನ್ನೇ ಹೇಳುವ ಸಣ್ಣ ಅಂಗಡಿ ದುಡ್ಡಿರುವವರಿಗಿಂತ ಮೇಲೆ ಬರಲು ಸಾಧ್ಯವಾಯಿತು. ಈ ನ್ಯಾಯ ನನಗೆ ಈಗಲೂ ಇಷ್ಟ. ಆಮೇಲೆ ಬಂದ ಕ್ವಾಲಿಟಿ ಸ್ಕೋರ್ ಎಂಬ ಗೂಗಲ್‌ನ ಅಂಕ ಕ್ಲಿಕ್ಕಿನಾಚೆಗಿನ ಪುಟವನ್ನೂ ತೂಗುತ್ತದೆ. ಆದರೂ ಒತ್ತಿದವರು ಯಾಕೆ ಒತ್ತಿದರು ಎಂಬುದು ಸಿಟಿಆರ್ ಲೆಕ್ಕಕ್ಕೆ ಬರುವುದಿಲ್ಲ.

ಒಮ್ಮೆ ಅಮ್ಮ ಫೋನಿನಲ್ಲಿ ಏನೋ ಹುಡುಕುತ್ತಾ ಮೊದಲಿಗೆ ಬಂದದ್ದನ್ನು ಒತ್ತಿದಳು. ಅದು ಜಾಹೀರಾತು ಅಂದೆ. "ಮೊದಲು ಬಂದಿರೋದೇ ಸರಿಯಾದ್ದು ಅಲ್ವೇನೇ?" ಅಂದಳು. ಯಾರದೋ ಸಿಟಿಆರ್‌ಗೆ ಅವಳ ಆ ನಂಬಿಕೆಯೂ ಸೇರಿತು. ನನ್ನ ಅಂಕಿಗಳಲ್ಲೂ ಅಂಥ ಅಮ್ಮಂದಿರು ಇದ್ದೇ ಇರುತ್ತಾರೆ. ಅವಸರವೂ ಹೀಗೆಯೇ. ಒದ್ದೆ ಬಟ್ಟೆಯ ರಾಶಿ ಮುಂದಿಟ್ಟುಕೊಂಡವರಿಗೆ 'ತಕ್ಷಣ' ಎಂಬ ಮಾತು ಉಪಕಾರ. ಅದೇ ಮಾತನ್ನು ಸಾಲದ ಜಾಹೀರಾತಿನಲ್ಲಿ, ರಾತ್ರಿ ಎರಡು ಗಂಟೆಗೆ ದುಡ್ಡಿಗಾಗಿ ಹುಡುಕುತ್ತಿರುವವರ ಮುಂದಿಟ್ಟರೆ ನಾನು ಅವರ ಸಂಕಟವನ್ನು ದುಡಿಸಿಕೊಂಡಂತೆ. ಎರಡೂ ಕಡೆ ಸಿಟಿಆರ್ ಏರುತ್ತದೆ. ಸಾಲದ ಜಾಹೀರಾತುಗಳನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಿಟಿಆರ್ ಬರುವುದು ಕಂಪನಿಯ ಹೆಸರನ್ನೇ ಟೈಪ್ ಮಾಡಿದಾಗ ಕಾಣುವ ಜಾಹೀರಾತಿಗೆ. ಹೆಸರು ಹಿಡಿದು ಬಂದವರು ಒತ್ತದೇ ಇನ್ನೇನು? 2012ರಲ್ಲಿ ಇಬೇ ಕಂಪನಿ ಯಾಹೂ ಮತ್ತು ಮೈಕ್ರೋಸಾಫ್ಟ್ ಹುಡುಕಾಟಗಳಲ್ಲಿ ತನ್ನ ಹೆಸರಿನ ಮೇಲಿನ ಜಾಹೀರಾತುಗಳನ್ನು ನಿಲ್ಲಿಸಿ ನೋಡಿತು. ಹಾಗೆ ಕೈಬಿಟ್ಟ ಕ್ಲಿಕ್ಕುಗಳಲ್ಲಿ ಶೇಕಡಾ 99.5ರಷ್ಟು ಕೆಳಗಿದ್ದ ಸಾಮಾನ್ಯ ಫಲಿತಾಂಶಗಳ ಮೂಲಕ ಪುಕ್ಕಟೆಯಾಗಿಯೇ ಬಂದವು. ಇಬೇಯಂಥ ಮನೆಮಾತಾದ ಹೆಸರಿನ ಅನುಭವ ಎಲ್ಲ ಅಂಗಡಿಗಳಿಗೂ ಅನ್ವಯಿಸುವುದಿಲ್ಲ. ಪ್ರತಿಸ್ಪರ್ಧಿ ನಮ್ಮ ಹೆಸರಿನ ಮೇಲೆ ಬಿಡ್ ಹಾಕಿದ್ದರೆ ಲೆಕ್ಕವೇ ಬೇರೆ. ಆದರೂ ಇಬೇಯ ಆ ಪ್ರಯೋಗದ ಬಗ್ಗೆ ಓದಿದ ಮೇಲೆ, ಹೆಮ್ಮೆಯಿಂದ ತೋರಿಸುವ ನನ್ನ ಅಂಕಿಗಳಲ್ಲಿ ನನ್ನ ದುಡಿಮೆಯ ಪಾಲು ಎಷ್ಟೆಂಬ ಪ್ರಶ್ನೆ ಬಿಟ್ಟುಹೋಗಿಲ್ಲ.

ಈಗ ತಿಂಗಳ ರಿಪೋರ್ಟಿನಲ್ಲಿ ಹೆಸರಿನ ಹುಡುಕಾಟಗಳನ್ನು ಬೇರೆ ಸಾಲಿಗೆ ಹಾಕುತ್ತೇನೆ. ಉಳಿದದ್ದರ ಸಿಟಿಆರ್ ಸಣ್ಣದಾಗಿ ಕಾಣುತ್ತದೆ, ಕೆಲವು ಕ್ಲೈಂಟ್‌ಗಳು ಕಾರಣ ಕೇಳುತ್ತಾರೆ, ಹೇಳುತ್ತೇನೆ. ರಿಪೇರಿ ಅಂಗಡಿಯ ಮಾಲೀಕರು ಮಾತ್ರ ಆ ಕಾಲಮ್ಮನ್ನು ನೋಡುವುದೇ ಇಲ್ಲ. ಎಷ್ಟು ಫೋನ್ ಬಂತು, ಅದರಲ್ಲಿ ಎಷ್ಟು ಮನೆಗೆ ಹುಡುಗರನ್ನು ಕಳಿಸಿದೆವು ಎಂದಷ್ಟೇ ಕೇಳುತ್ತಾರೆ.