ರಂಗೋಲಿ ದಾಟಿದ ಹುಡುಗ

ಹದಿನೇಳು ಹದಿನೆಂಟರ ವಯಸ್ಸಿನವರು ಬರೆದದ್ದನ್ನು ಓದುವುದೆಂದರೆ ನನಗೆ ಬಲು ಇಷ್ಟ. ಆ ಬರಹದ ಹಸಿ ಇನ್ನೂ ಆರಿರುವುದಿಲ್ಲ. ವಾಕ್ಯ ಒಂದು ಕಡೆಗೆ ಹೊರಟಿರುತ್ತದೆ. ನಡುವೆ ಅಜ್ಜಿ ಬರುತ್ತಾಳೆ, ಬೀದಿನಾಯಿ ಬರುತ್ತದೆ, ಬಸ್ಸು ತಪ್ಪಿದ ಒಂದು ಮಳೆಯ ಬೆಳಗು ಬರುತ್ತದೆ, ಕೊನೆಗೆ ಬರೆಯಲು ಕೂತಿದ್ದು ಏನನ್ನು ಎಂಬುದು ಬರೆದವರಿಗೇ ಮರೆತುಹೋಗಿರುತ್ತದೆ. ದೊಡ್ಡವರಾಗುತ್ತ ಎಲ್ಲರೂ ಇದನ್ನು ತಿದ್ದಿಕೊಳ್ಳುತ್ತಾರೆ. ತಿದ್ದಿಕೊಂಡಷ್ಟೂ ಏನನ್ನೋ ಕಳೆದುಕೊಳ್ಳುತ್ತಾರೆ ಎಂದೇ ನನ್ನ ನಂಬಿಕೆ.

ಈ ಓದಿನ ಸುಖಕ್ಕಾಗಿಯೇ ನಾನು ಓಕ್ಲೆಂಡಿನ ಫ್ರೂಟ್‌ವೇಲ್ ಬಡಾವಣೆಗೆ ಹೋಗುತ್ತೇನೆ. ಫ್ರೀಮಾಂಟಿನಿಂದ ಬಾರ್ಟ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ರೈಲು ಹತ್ತುವಾಗ ಕಿವಿಗೆ ಬೀಳುವುದು ತೆಲುಗು, ಹಿಂದಿ, ಒಮ್ಮೊಮ್ಮೆ ನಮ್ಮ ಕನ್ನಡ, ಇಳಿಯುವಾಗ ಸ್ಪ್ಯಾನಿಷ್. ನಿಲ್ದಾಣದ ಹೊರಗೆ ಸಿಪ್ಪೆ ತೆಗೆದ ಮಾವಿನಹಣ್ಣಿಗೆ ಖಾರದ ಪುಡಿ ಉದುರಿಸಿ, ನಿಂಬೆ ಹಿಂಡಿ ಕೊಡುವ ಗಾಡಿಗಳು. ಬೇಕರಿಗಳಿಂದ ಬೆಣ್ಣೆ, ದಾಲ್ಚಿನ್ನಿಯ ವಾಸನೆ. ಪಕ್ಕದಲ್ಲೇ ಸೀಸರ್ ಚಾವೆಸ್ ಹೆಸರಿನ ಸಾರ್ವಜನಿಕ ಗ್ರಂಥಾಲಯ. ಸ್ಪ್ಯಾನಿಷ್ ಓದುವವರಿಗಾಗಿಯೇ 1966ರಲ್ಲಿ ಶುರುವಾದದ್ದು. ಅಮೆರಿಕದಲ್ಲಿ ಅಂಥ ಮೊದಲ ಕೆಲವು ಗ್ರಂಥಾಲಯಗಳಲ್ಲಿ ಅದೂ ಒಂದು. ಅಲ್ಲಿಯ ಮೇಜೊಂದರಲ್ಲಿ ಕೂತು, ಕಾಲೇಜಿಗೆ ಅರ್ಜಿ ಹಾಕುವ ಮಕ್ಕಳು ಬರೆದು ತಂದದ್ದನ್ನು ಓದುತ್ತೇನೆ.

ಅಕ್ಟೋಬರ್, ನವೆಂಬರ್ ಈ ಬರಹಗಳ ಸುಗ್ಗಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಬೇಕೆಂದರೆ ತಮ್ಮ ಬದುಕಿನ ಬಗ್ಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು, ಒಂದೊಂದೂ 350 ಪದಗಳ ಒಳಗೆ. ವಲಸೆ ಬಂದ ಲ್ಯಾಟಿನೋ ಮಕ್ಕಳ ಮೊದಲ ಕರಡು ಬಹುಮಟ್ಟಿಗೆ ಒಂದೇ ಜಾಗದಲ್ಲಿ ಶುರುವಾಗುತ್ತದೆ: ಮರುಭೂಮಿ, ರಾತ್ರಿ, ಬೇಲಿ. ಅದು ಸುಳ್ಳಲ್ಲ, ಅವರು ದಾಟಿ ಬಂದದ್ದು ನಿಜ. ಆದರೆ ಅದನ್ನೇ ಮೊದಲು ಬರೆಯಬೇಕು ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ಗಾಯ ತೋರಿಸಿದರೆ ಬಾಗಿಲು ತೆರೆಯುತ್ತದೆ ಎಂಬ ಬುದ್ಧಿಮಾತು. ಒಳಗೆ ಬರಲು ನಿನ್ನ ನೋವನ್ನೇ ಟಿಕೇಟಾಗಿ ಕೊಡು ಎಂದು ಹುಡುಗನೊಬ್ಬನಿಗೆ ಹೇಳುವುದು ಕ್ರೌರ್ಯ.

ಇದಕ್ಕೆ ಒಪ್ಪದೆ ಬರೆದವಳು ಕಾರ್ಲಾ ಕೊರ್ನೆಹೊ ವಿಯಾವಿಸೆನ್ಸಿಯೊ. ಈಕ್ವೆಡಾರಿನಿಂದ ಚಿಕ್ಕಂದಿನಲ್ಲೇ ಬಂದು, ಕಾಗದಪತ್ರಗಳಿಲ್ಲದೆಯೇ ಹಾರ್ವರ್ಡಿನಲ್ಲಿ ಓದಿದವಳು. ಕಷ್ಟಪಟ್ಟು ಗೆದ್ದ ಜಾಣ ಹುಡುಗಿಯ ಆತ್ಮಕಥೆ ಬರೆದುಕೊಡು ಎಂದು ಪುಸ್ತಕಲೋಕದವರು ಬೆನ್ನುಹತ್ತಿದರು. ಅವಳು ಬರೆಯಲಿಲ್ಲ. ಬದಲಿಗೆ ದಿನಗೂಲಿಗೆ ನಿಲ್ಲುವ ಗಂಡಸರನ್ನು, ಅವಳಿ ಗೋಪುರಗಳು ಉರುಳಿದ ಜಾಗದಲ್ಲಿ ಬೂದಿ ಎತ್ತಿ ಕಾಯಿಲೆ ಬಿದ್ದವರನ್ನು ಹುಡುಕಿಕೊಂಡು ಹೋಗಿ 'ದಿ ಅನ್‌ಡಾಕ್ಯುಮೆಂಟೆಡ್ ಅಮೆರಿಕನ್ಸ್' ಬರೆದಳು. 2020ರ ಆ ಪುಸ್ತಕದಲ್ಲಿ ಸಿಟ್ಟಿದೆ, ಪ್ರೀತಿಯಿದೆ. ಯಾರ ಮುಂದೆಯೂ ಕೈಯೊಡ್ಡಿದ ಒಂದು ಸಾಲೂ ಇಲ್ಲ.

ಹಿಂದೊಂದು ದೀಪಾವಳಿಯ ನಂತರ ಹುಡುಗನೊಬ್ಬ ನನ್ನ ಮೇಜಿಗೆ ಬಂದ. ಊರು ಗ್ವಾಟೆಮಾಲಾದ ಹುಎಹುಎತೆನಾಂಗೊ ಸೀಮೆಯ ಬೆಟ್ಟಗಳ ಮೇಲಿನ ಒಂದು ಹಳ್ಳಿ. ಮನೆಮಾತು ಮಾಮ್, ಮಾಯಾ ಜನರ ಹಳೆಯ ಭಾಷೆಗಳಲ್ಲಿ ಒಂದು. ಓಕ್ಲೆಂಡಿನಲ್ಲಿ ಅದನ್ನಾಡುವವರು ಸಾವಿರಾರು ಮಂದಿ ಇದ್ದಾರೆ. ಅವರಿಗೆ ಸ್ಪ್ಯಾನಿಷ್ ಕೂಡ ಕಲಿತು ತಂದುಕೊಂಡ ಮಾತೇ. ಅಮೆರಿಕದವರ ಕಣ್ಣಿಗೆ ಈ ಹುಡುಗ ಬರಿಯ 'ಲ್ಯಾಟಿನೋ'. ಅವನದೇ ದೇಶದ ಪಟ್ಟಣಗಳಲ್ಲಿ ಅವನನ್ನು 'ಇಂಡಿಯೊ' ಎಂದು ಹಂಗಿಸುವವರಿದ್ದಾರೆ. ಅಲ್ಲೂ ಕೀಳು, ಇಲ್ಲೂ ಕೀಳು. ಇಷ್ಟಾಗಿಯೂ ಅವನ ಮುಖದಲ್ಲಿ ಕಹಿ ಇರಲಿಲ್ಲ. ನನ್ನನ್ನು 'ಮಾಯೆಸ್ತ್ರಾ' ಎಂದು ಕರೆದು ಎದ್ದುನಿಂತೇ ಮಾತಾಡುತ್ತಿದ್ದ. ಕೂತ್ಕೋ ಮಾರಾಯ ಎಂದು ಮತ್ತೆ ಮತ್ತೆ ಹೇಳಬೇಕಾಯಿತು.

ಅವನ ಕರಡಿನಲ್ಲೂ ಮರುಭೂಮಿ ಇತ್ತು. ಓದಿ ಪಕ್ಕಕ್ಕಿಟ್ಟು ಕೇಳಿದೆ: "ಹೋದ ಶನಿವಾರ ಏನು ಮಾಡಿದೆ?" ಚಿಕ್ಕಪ್ಪನ ಜೊತೆ ಲಾನ್ ಕತ್ತರಿಸಲು ಹೋಗಿದ್ದೆ ಎಂದ. ಅದನ್ನು ಬರಿ ಎಂದೆ. ಮುಂದಿನ ವಾರ ಅವನು ತಂದದ್ದನ್ನು ನಾನು ರೈಲಿನಲ್ಲೂ ಮನೆಯಲ್ಲೂ ಓದಿದೆ.

ಗಿಡಗಂಟಿ ಕತ್ತರಿಸಲು ಹೋದ ಮನೆಯ ಮುಂದೆ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಬಿಡಿಸಿದ ದೊಡ್ಡ ಹೂವಿತ್ತು. ಬಾಗಿಲಿಗೆ ಎಲೆಗಳ ಮಾಲೆ. ನೆಲದ ಮೇಲಿನ ಆ ಚಿತ್ರದ ಹೆಸರು ಅವನಿಗೆ ಗೊತ್ತಿರಲಿಲ್ಲ, ಆದರೆ ಅದು ಏನೆಂದು ನೋಡಿದ ತಕ್ಷಣ ಗೊತ್ತಾಯಿತು. ಗ್ವಾಟೆಮಾಲಾದಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಬೀದಿಗಳ ಮೇಲೆ ಮರದ ಹೊಟ್ಟಿಗೆ ಬಣ್ಣ ಕಟ್ಟಿ ಜಮಖಾನ ಹಾಸುತ್ತಾರೆ. ಅಲ್ಫೊಂಬ್ರಾ ಎಂದು ಅದರ ಹೆಸರು. ಮನೆಮಂದಿಯೆಲ್ಲ ರಾತ್ರಿಯಿಡೀ ಮೊಣಕಾಲೂರಿ, ಹಲಗೆಯ ಅಚ್ಚುಗಳನ್ನಿಟ್ಟು, ಜರಡಿಯಲ್ಲಿ ಪುಡಿ ಉದುರಿಸಿ, ನಡುನಡುವೆ ಹೂವಿನ ಎಸಳು, ಪೈನ್ ಮರದ ಸೂಜಿಯೆಲೆ ಸೇರಿಸಿ, ಗಾಳಿಗೆ ಹಾರದಂತೆ ನೀರು ಚಿಮುಕಿಸುತ್ತ ಬೀದಿಯುದ್ದಕ್ಕೂ ಹೂವು, ಹಕ್ಕಿ, ಶಿಲುಬೆ ಬಿಡಿಸುತ್ತಾರೆ. ಮರುದಿನ ಕ್ರಿಸ್ತನ ಮೂರ್ತಿ ಹೊತ್ತ ಮೆರವಣಿಗೆ ಅದರ ಮೇಲೆ ನಡೆದುಹೋಗುತ್ತದೆ, ಅಷ್ಟಕ್ಕೇ ಅದರ ಆಯುಸ್ಸು. ಅಲ್ಲಿಯವರೆಗೆ ಯಾರೂ ಕಾಲಿಡುವಂತಿಲ್ಲ. ಈ ಪವಿತ್ರ ವಾರದ ಆಚರಣೆಯನ್ನು ಯುನೆಸ್ಕೊ 2022ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಡುಗ ತನ್ನ ಚಿಕ್ಕಮ್ಮನ ಪಕ್ಕ ಕೂತು ಜರಡಿ ಹಿಡಿದವನು. ಪುಡಿಯ ಚಿತ್ರವೊಂದರ ಹಿಂದೆ ಎಷ್ಟು ಸೊಂಟನೋವಿದೆ ಎಂದು ಬಲ್ಲವನು. ಹಾಗಾಗಿ ಹುಲ್ಲು ಕತ್ತರಿಸುವ ಯಂತ್ರವನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಗಾಳಿ ತಾಗಿ ಪುಡಿ ಚದುರದಂತೆ ದೂರದಿಂದ ಸುತ್ತಿ ಬಂದ. ಎಲೆ ಊದುವ ಯಂತ್ರವನ್ನು ಆ ಕಡೆ ಹಚ್ಚಲೇ ಇಲ್ಲ, ಕೈಯಲ್ಲೇ ಎಲೆ ಆರಿಸಿದ.

ಇಷ್ಟನ್ನು ಅವನು ಬಹಳ ಪ್ರೀತಿಯಿಂದ ಬರೆದಿದ್ದ. ಆಮೇಲೆ ಒಂದೇ ಒಂದು ಚಿಕ್ಕ ಪ್ಯಾರಾ. ಕೆಲಸ ಮುಗಿಯುವ ಹೊತ್ತಿಗೆ ಮನೆಯೊಡತಿ ಬಾಗಿಲು ತೆರೆದು, ಎರಡು ಕಾಗದದ ಲೋಟಗಳಲ್ಲಿ ನೀರು ತಂದು ಮೆಟ್ಟಿಲ ಮೇಲಿಟ್ಟು ಒಳಗೆ ಹೋದರು. ತೆರೆದ ಬಾಗಿಲಲ್ಲಿ ನೆಂಟರು ಹೊಳೆಯುವ ಸ್ಟೀಲಿನ ಲೋಟಗಳಲ್ಲಿ ಕುಡಿಯುತ್ತಿರುವುದು ಕಾಣುತ್ತಿತ್ತು. ನೀರು ತಣ್ಣಗಿತ್ತು. ಚಿಕ್ಕಪ್ಪ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಎಂದರು. ಮುಂದಕ್ಕೆ ಏನೂ ಇರಲಿಲ್ಲ, ದೂರಿನ ಒಂದು ಮಾತೂ ಇರಲಿಲ್ಲ.

ಆ ಮೆಟ್ಟಿಲು ಕನ್ನಡದ ಓದುಗರಿಗೆ ಗೊತ್ತಿಲ್ಲದ್ದೇನಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು, ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವನ್ನು ಓದಿಕೊಂಡು ಬೆಳೆದವರು ನಾವು. ಹೋಟೆಲಿನ ಹೊರಗೆ ಬೇರೆ ಇಟ್ಟ ಲೋಟ, ಮೇಲಿನಿಂದ ಹೊಯ್ಯುವ ನೀರು, ಇವನ್ನೆಲ್ಲ ಬಿಟ್ಟು ಬಂದಿದ್ದೇವೆ ಎಂದುಕೊಂಡು ವಿಮಾನ ಹತ್ತಿದವರೂ ನಾವೇ. ಆ ಮನೆಯವರು ಯಾವ ರಾಜ್ಯದವರೋ ಗೊತ್ತಿಲ್ಲ. ಕನ್ನಡದ ಮನೆಯೇ ಆಗಿರಬಹುದು, ಆಗಿರದಿರಬಹುದು. ಆದರೆ ನಮ್ಮ ಕೂಟಗಳಲ್ಲಿ, ಹುಟ್ಟುಹಬ್ಬದ ಊಟಗಳಲ್ಲಿ ನಾನು ಕೇಳುವ ಮಾತುಗಳು ಆ ಮೆಟ್ಟಿಲಿನವೇ. ಹೊಂಡುರಾಸಿನವನಾಗಲಿ, ಪೆರುವಿನವನಾಗಲಿ, ಎಲ್ಲರೂ 'ಮೆಕ್ಸಿಕನ್'. "ಆ ಸ್ಕೂಲಿನಲ್ಲಿ ಅವರ ಮಕ್ಕಳೇ ಜಾಸ್ತಿ, ಅಲ್ಲಿ ಮನೆ ತಗೋಬೇಡಿ" ಎಂಬ ಸಲಹೆ. "ನಾವು ಕ್ಯೂನಲ್ಲಿ ನಿಂತು ಬಂದವರು, ಅವರು ಹಾರಿ ಬಂದವರು" ಎಂಬ ವಾದ. ಕ್ಯೂನಲ್ಲಿ ನಿಂತವರ ಸಂಕಟ ನನಗೆ ಗೊತ್ತು: ಅಪ್ಪ ಅಮ್ಮನ ಗ್ರೀನ್ ಕಾರ್ಡ್ ಬರುವ ಮೊದಲೇ ಇಪ್ಪತ್ತೊಂದು ತುಂಬಿ, ಬೆಳೆದ ದೇಶದಿಂದಲೇ ಹೊರಡಬೇಕಾದ ನಮ್ಮ ಮಕ್ಕಳನ್ನು ಕಂಡಿದ್ದೇನೆ. ಆ ಮಕ್ಕಳ ಸಂಕಟಕ್ಕೂ ಈ ಹುಡುಗನ ಸಂಕಟಕ್ಕೂ ಮೂಲ ಒಂದೇ. ಬೆಳೆದದ್ದು ಇಲ್ಲಿ, ಕಾಗದ ಮಾತ್ರ ಇಲ್ಲಿಯದಲ್ಲ.

ಲ್ಯಾಟಿನೋ ಜನರನ್ನು ಹೊರಗಿಡುವುದೂ ಅವರ ಮಕ್ಕಳ ಬಾಯಿ ಕಟ್ಟುವುದೂ ಅಮೆರಿಕಕ್ಕೆ ಹೊಸದಲ್ಲ. ಟೆಕ್ಸಾಸಿನ ಮಾರ್ಫಾ ಊರಿನಲ್ಲಿ ಬ್ಲ್ಯಾಕ್‌ವೆಲ್ ಎಂಬ ಶಾಲೆ ಇತ್ತು, ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆ ಮಾಡಿ ಕೂರಿಸಿದ್ದ ಶಾಲೆ. 1954ರಲ್ಲಿ ಅಲ್ಲಿಯ ಮಕ್ಕಳ ಕೈಯಲ್ಲಿ ಇನ್ನು ಸ್ಪ್ಯಾನಿಷ್ ಆಡುವುದಿಲ್ಲವೆಂದು ಚೀಟಿ ಬರೆಸಿ, ಪೆಟ್ಟಿಗೆಯಲ್ಲಿಟ್ಟು, ಶಾಲೆಯ ಅಂಗಳದಲ್ಲಿ ಗುಂಡಿ ತೋಡಿ ಹೂತರು. ತಾಯ ಮಾತಿಗೆ ಮಕ್ಕಳ ಕೈಯಿಂದಲೇ ಮಣ್ಣು ಹಾಕಿಸಿದ್ದರು. ಆ ಶಾಲೆಯಲ್ಲಿ ಓದಿದವರೇ ಕಟ್ಟಡವನ್ನು ಉಳಿಸಿಕೊಂಡು ಹೋರಾಡಿ, ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಗಬೇಕೆಂಬ ಕಾನೂನು 2022ರಲ್ಲಿ ಬರುವಂತೆ ಮಾಡಿದರು.

ಅದೇ ಟೆಕ್ಸಾಸಿನ ಟೈಲರ್ ಊರಿನಲ್ಲಿ 1977ರಲ್ಲಿ ಕಾಗದಪತ್ರವಿಲ್ಲದ ಮಕ್ಕಳಿಗೆ ವರ್ಷಕ್ಕೆ 1000 ಡಾಲರ್ ಶುಲ್ಕ ಹಾಕಿದರು. ಕೂಲಿಯವರ ಮಕ್ಕಳು, ಎಲ್ಲಿಂದ ತಂದಾರು? ನಾಲ್ಕು ಸಂಸಾರಗಳು ಕೋರ್ಟಿಗೆ ಹೋದವು. ಯಾರ ಕಣ್ಣಿಗೂ ಬೀಳದಿರಲಿ ಎಂದು ಬೆಳಕು ಹರಿಯುವ ಹೊತ್ತಿಗೇ ವಿಚಾರಣೆ ಇಟ್ಟುಕೊಂಡರು. ಅಲ್ಲಿಂದಲೇ ಗಡೀಪಾರಾದರೆ ಎಂದು ಹೆದರಿ ಮನೆಯ ಸಾಮಾನನ್ನು ಕಾರಿಗೆ ತುಂಬಿಕೊಂಡೇ ಬಂದವರಿದ್ದರು. 1982ರ ಜೂನ್ 15ರಂದು ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಲ್ಲಿ ಆ ಮಕ್ಕಳಿಗೂ ಶಾಲೆಯ ಹಕ್ಕಿದೆ ಎಂದಿತು. ಸರಿಯಾಗಿ ಮೂವತ್ತು ವರ್ಷಗಳ ಮೇಲೆ, ಅದೇ ಜೂನ್ 15ಕ್ಕೆ, ಒಬಾಮಾ ಸರ್ಕಾರ ಡಾಕಾ ಎಂಬ ಏರ್ಪಾಡು ತಂದು, ಚಿಕ್ಕಂದಿನಲ್ಲಿ ಬಂದವರನ್ನು ಗಡೀಪಾರಿನಿಂದ ಎರಡೆರಡು ವರ್ಷದ ಮಟ್ಟಿಗೆ ಕಾಪಾಡಿತು. ಆದರೆ ಅದಕ್ಕೆ 2007ರ ಜೂನ್ ಮಧ್ಯದಿಂದಲೂ ಅಮೆರಿಕದಲ್ಲೇ ಇದ್ದಿರಬೇಕು. ಇವತ್ತು ಹೈಸ್ಕೂಲಿನಲ್ಲಿರುವ ಹೆಚ್ಚಿನವರು ಆಗ ಹುಟ್ಟಿಯೇ ಇರಲಿಲ್ಲ. ನನ್ನ ಮೇಜಿಗೆ ಬಂದ ಹುಡುಗನಿಗೆ ಅದರ ಆಸರೆ ಇಲ್ಲ.

ಅವನಿಗೆ ನಾನು ಓದಲು ಕೊಟ್ಟದ್ದು ಹಾವಿಯೆರ್ ಸಮೋರಾನ 'ಸೊಲಿತೊ'. ಎಲ್ ಸಾಲ್ವಡಾರಿನ ಕಡಲತೀರದ ಲಾ ಎರ‍್ರಾದುರಾ ಊರಿನಿಂದ 1999ರಲ್ಲಿ, ಒಂಬತ್ತು ವರ್ಷದ ಹುಡುಗ, ಹೆಚ್ಚಿನ ದಾರಿಯಲ್ಲಿ ಮನೆಯವರು ಯಾರೂ ಜೊತೆಗಿಲ್ಲದೆ, ಕ್ಯಾಲಿಫೋರ್ನಿಯಾದಲ್ಲಿದ್ದ ಅಪ್ಪ ಅಮ್ಮನನ್ನು ಸೇರಲು ಹೊರಟ ಕಥೆ. ಎರಡು ವಾರದಲ್ಲಿ ಮುಗಿಯಬೇಕಿದ್ದ ದಾರಿ ಒಂಬತ್ತು ವಾರ ಹಿಡಿಯಿತು. ಪುಸ್ತಕ ಬಂದದ್ದು 2022ರಲ್ಲಿ, ಅವನು ದೊಡ್ಡವನಾದ ಮೇಲೆ. ಆದರೂ ಆ ಒಂಬತ್ತರ ಹುಡುಗನ ಬಾಯಲ್ಲೇ ಹೇಳಿದ್ದಾನೆ. ಆದ್ದರಿಂದಲೇ ಮರುಭೂಮಿಯ ಗಿಡಗಳಿಗೆ ಅವನು ತಾನೇ ಹೆಸರಿಡುತ್ತಾನೆ. ಜೊತೆಯಲ್ಲಿದ್ದ ಅಪರಿಚಿತರು ಅವನನ್ನು ತಮ್ಮ ಮಗನಂತೆ ನೋಡಿಕೊಂಡದ್ದನ್ನು ಅವನು ಬರೆಯುವಾಗ ನನ್ನ ಕಣ್ಣು ಮಂಜಾಯಿತು. ಇದೇ ಸಮೋರಾ ಇನ್ನಿಬ್ಬರು ಕವಿಗಳೊಂದಿಗೆ ಸೇರಿ 2015ರಲ್ಲಿ ಕವನಸಂಕಲನದ ಸ್ಪರ್ಧೆಗಳ ನಿಯಮ ಪ್ರಶ್ನಿಸಿದ. ಕವಿತೆ ಕಳಿಸಲೂ ಪೌರತ್ವದ ಪುರಾವೆ ಕೇಳುತ್ತಿದ್ದರು. ಹಲವು ಪ್ರಕಾಶಕರು ನಿಯಮ ತೆಗೆದುಹಾಕಿದರು.

ರೇಯ್ನಾ ಗ್ರಾಂದೆಯ 'ದಿ ಡಿಸ್ಟನ್ಸ್ ಬಿಟ್ವೀನ್ ಅಸ್' ಕೊಟ್ಟದ್ದು ಅವನ ತಂಗಿಗೆ. ಮೆಕ್ಸಿಕೊದ ಇಗ್ವಾಲಾದಲ್ಲಿ ಹುಟ್ಟಿದ ರೇಯ್ನಾಳ ಹೊಕ್ಕುಳಬಳ್ಳಿಯನ್ನು ಮನೆಯ ಮಣ್ಣಿನ ನೆಲದಲ್ಲೇ ಹೂತಿದ್ದರು, ಬೇರು ಮರೆಯದಿರಲಿ ಎಂದು. ಲಾಸ್ ಏಂಜಲೀಸಿಗೆ ಬಂದ ಹೊಸದರಲ್ಲಿ ಶಾಲೆಯ ಸ್ಪರ್ಧೆಗೆ ಸ್ಪ್ಯಾನಿಷಿನಲ್ಲಿ ಕಥೆ ಬರೆದು ಕೊಟ್ಟಳು. ಟೀಚರಿಗೆ ಆ ಭಾಷೆ ಬರುತ್ತಿರಲಿಲ್ಲ. ಓದದೆಯೇ ತಿರಸ್ಕೃತ ಗುಡ್ಡೆಗೆ ಹಾಕಿದರು. ಆ ಹುಡುಗಿ ಮುಂದೆ ಬರೆದ ಪುಸ್ತಕಗಳು ಈಗ ಶಾಲೆಗಳಲ್ಲಿ ಪಾಠವಾಗಿವೆ.

ನಮ್ಮ ಹುಡುಗನ ಅರ್ಜಿಯಲ್ಲಿ ರಂಗೋಲಿಯ ಬರಹವೇ ಹೋಯಿತು, ಕಾಗದದ ಲೋಟದ ಪ್ಯಾರಾ ಸಮೇತ. ಕೊನೆಯಲ್ಲಿ ಒಂದು ನೀತಿಮಾತು ಸೇರಿಸಲೇ ಎಂದು ಕೇಳಿದ. ಬೇಡ ಎಂದೆ. ಸೀಟು ಸಿಕ್ಕಿತು. ಮೂರು ವರ್ಷ ಇಲ್ಲಿಯ ಶಾಲೆಯಲ್ಲಿ ಓದಿ ಮುಗಿಸಿದವರಿಗೆ, ಕಾಗದಪತ್ರ ಇಲ್ಲದಿದ್ದರೂ, ರಾಜ್ಯದವರಿಗೆ ಇರುವ ಶುಲ್ಕವನ್ನೇ ಹಾಕುವ ಕಾನೂನನ್ನು ಕ್ಯಾಲಿಫೋರ್ನಿಯಾ 2001ರಲ್ಲೇ ಮಾಡಿದೆ. ಅವನೀಗ ಮಣ್ಣಿನ ವಿಜ್ಞಾನ ಓದುತ್ತಿದ್ದಾನೆ. ಶನಿವಾರದ ಕೆಲಸ ಬಿಟ್ಟಿಲ್ಲ.

ಅಮೆರಿಕದಲ್ಲಿ ಮನೆ ಮಾಡಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನ ಗ್ರಂಥಾಲಯದಿಂದ ಈ ಪುಸ್ತಕಗಳಲ್ಲಿ ಒಂದನ್ನಾದರೂ ತಂದು ನಿಮ್ಮ ಮಕ್ಕಳ ಜೊತೆ ಓದಿ. ನಿಮ್ಮ ಅಂಗಳಕ್ಕೆ ಕೆಲಸಕ್ಕೆ ಬರುವವರ ಹೆಸರು ಕೇಳಿ, ಯಾವ ಊರು ಎಂದು ಕೇಳಿ. ಹಬ್ಬದ ದಿನ ಅವರು ಬಂದರೆ ಒಳಗೆ ಕರೆದು ಕೂರಿಸಿ, ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ.