21 ಪದರ

ನಮ್ಮ ಮನೆ ಕಪಾಟಿನಲ್ಲಿ ಬಾಬಾಸಾಹೇಬರ ಸಂಪುಟಗಳ ಮುಂದೆ ಒಂದು ಚಂದ್ರನೌಕೆ ನಿಂತಿದೆ. ಅಪೊಲೊ 11ರ ಲೂನಾರ್ ಮಾಡ್ಯೂಲ್, ಹೆಸರು 'ಈಗಲ್'. ಪ್ಲಾಸ್ಟಿಕ್ಕಿನದು, ನಾನೇ ಕೂಡಿಸಿ ಬಣ್ಣ ಹಚ್ಚಿದ್ದು. ಮನೆಗೆ ಬರೋ ಸಂಗಾತಿಗಳಲ್ಲಿ ಕೆಲವರು ನಗ್ತಾರೆ, "ಏನಣ್ಣಾ, ಈ ವಯಸ್ಸಲ್ಲಿ ಆಟದ ಸಾಮಾನು?" ಅಂತ. ಇನ್ನು ಕೆಲವರು ನಗಲ್ಲ. "ಮ್ಯಾನ್‌ಹೋಲಿಗಿಳಿದು ನಮ್ಮ ಜನ ಸಾಯ್ತಾ ಇರೋವಾಗ ನಿಮಗೆ ರಾಕೆಟ್ ಬೇಕಾ?" ಅಂತ ಕೇಳ್ತಾರೆ.

ಈ ಎರಡನೇ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಯಾಕಂದ್ರೆ ಮ್ಯಾನ್‌ಹೋಲ್ ಸಾವುಗಳ ಬಗ್ಗೆ ನಾನು ವೇದಿಕೆ ಮೇಲೆ ಆಡುವ ಅತ್ಯಂತ ಗಟ್ಟಿ ಮಾತು ನನಗೆ ಸಿಕ್ಕಿದ್ದು ಈ ಆಟದ ಸಾಮಾನಿನಿಂದಲೇ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಕಿಟ್ ಅಂದ್ರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ಡಬ್ಬಿ ತೆಗೆದರೆ ಪ್ಲಾಸ್ಟಿಕ್ ಚೌಕಟ್ಟುಗಳು ಇರುತ್ತವೆ. ಹುಣಸೆ ಮರದ ಟೊಂಗೆಗೆ ಕಾಯಿ ಜೋತುಬಿದ್ದ ಹಾಗೆ ಅವಕ್ಕೆ ಬಿಡಿಭಾಗಗಳು ಅಂಟಿಕೊಂಡಿರುತ್ತವೆ. ಒಂದೊಂದನ್ನೂ ಕತ್ತರಿಸಬೇಕು, ತೊಟ್ಟಿನ ಗುರುತು ಉಜ್ಜಬೇಕು, ಆಮೇಲೆ ಅಂಟು. ಚಪ್ಪಲಿ ಕೆಲಸ ಗೊತ್ತಿರೋರಿಗೆ ಸಲ್ಯೂಷನ್ ಗೊತ್ತು: ಎರಡೂ ಕಡೆ ಸವರಿ, ಸ್ವಲ್ಪ ಆರಲು ಬಿಟ್ಟು, ಒತ್ತಿ ಹಿಡೀಬೇಕು. ಈ ಅಂಟು ಹಾಗಲ್ಲ. ಇದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತೆ. ಒಂದು ಹನಿ ಹೆಚ್ಚಾದರೆ ಭಾಗವೇ ಕೆಡುತ್ತೆ. ಕೂಡಿದ ಜಾಗದಲ್ಲಿ ಗೆರೆ ಕಂಡರೆ ಪುಟ್ಟಿ ತುಂಬಿ, ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಬೇಕು. ಆಂಟೆನಾಕ್ಕೆ ಸಣ್ಣ ಕಡ್ಡಿ ಬೇಕಾದರೆ ಮಿಕ್ಕಿದ ಚೌಕಟ್ಟಿನ ತುಂಡನ್ನೇ ಮೇಣದಬತ್ತಿ ಮೇಲೆ ಹಿಡಿದು, ಮೆತ್ತಗಾದಾಗ ಎರಡೂ ಕಡೆಯಿಂದ ಎಳೆದರೆ ಆಯ್ತು, ಕೂದಲಿನಷ್ಟು ಸಣ್ಣ ಎಳೆ ಬರುತ್ತೆ.

ನನ್ನದು 1/48 ಅಳತೆ. ನಿಜವಾದ ನೌಕೆ ಸುಮಾರು 7 ಮೀಟರ್ ಎತ್ತರ, ನನ್ನದು ಒಂದು ಗೇಣೂ ಇಲ್ಲ. ಆದರೆ ಒಂದು ವಿಷಯದಲ್ಲಿ ನನ್ನದೇ ದೊಡ್ಡದು. ನೀಲ್ ಆರ್ಮ್‌ಸ್ಟ್ರಾಂಗ್, ಬಜ್ ಆಲ್ಡ್ರಿನ್ ಇದ್ದ ಕೋಣೆಯ ಗೋಡೆ ಕೆಲವು ಕಡೆ ಬರೀ 0.3 ಮಿಲಿಮೀಟರ್ ದಪ್ಪ ಇತ್ತು. ಕಿಟ್ಟಿನ ಪ್ಲಾಸ್ಟಿಕ್ ಸುಮಾರು 1 ಮಿಲಿಮೀಟರ್. 48 ಪಟ್ಟು ಚಿಕ್ಕದಾದ ಆಟದ ಸಾಮಾನಿನ ಗೋಡೆ ಅಸಲಿ ನೌಕೆಯ ಗೋಡೆಗಿಂತ ದಪ್ಪ! ತೂಕ ಉಳಿಸೋಕೆ ಅಂತ ಒಳಗೆ ಕೂರುವ ಸೀಟನ್ನೂ ಇಟ್ಟಿರಲಿಲ್ಲ, ಇಬ್ಬರೂ ನಿಂತುಕೊಂಡೇ ಚಂದ್ರನಿಗೆ ಇಳಿದರು. ಅಷ್ಟು ತೆಳು ಗೋಡೆ ಇಟ್ಟುಕೊಂಡು ಅವರನ್ನು ಹೇಗೆ ಉಳಿಸಿಕೊಂಡರು? ಮಾಡೆಲ್ ಮಾಡ್ತಾ ಹೋದಂತೆ ಅದಕ್ಕೆ ಉತ್ತರ ಒಂದೊಂದಾಗಿ ಕೈಗೆ ಸಿಗುತ್ತೆ.

ನೌಕೆಯ ಕೆಳಭಾಗದ ಚಿನ್ನದ ಬಣ್ಣ ನೋಡಿರ್ತೀರಿ. ಅದು ಚಿನ್ನ ಅಲ್ಲ. ಕ್ಯಾಪ್ಟಾನ್ ಅನ್ನೋ ತೆಳು ಹಾಳೆ. ಅದರ ಸ್ವಂತ ಬಣ್ಣವೇ ಜೇನುತುಪ್ಪದ್ದು, ಹಿಂದೆ ಅಲ್ಯೂಮಿನಿಯಂ ಲೇಪ ಇರೋದರಿಂದ ಹೊಳೆಯುತ್ತೆ. ಮಾಡೆಲ್‌ಗೆ ಚಿನ್ನದ ಪೇಂಟ್ ಹೊಡೆದರೆ ದೇವಸ್ಥಾನದ ಕಳಸದ ಹಾಗೆ ಕಾಣುತ್ತೆ. ಅದಕ್ಕೇ ಅಡುಗೆಮನೆಯ ಫಾಯಿಲ್ ತಗೊಂಡು, ಮುದುಡಿ, ಬಿಡಿಸಿ, ಮೇಲೆ ತೆಳುವಾಗಿ ಹಳದಿ ಕಿತ್ತಳೆ ಬಣ್ಣ ಬಿಟ್ಟು ಅಂಟಿಸ್ತೀವಿ. ಹೀಗೆ ಮುದುಡೋದು ಮಾಡೆಲ್ ಮಾಡುವವರ ಉಪಾಯ ಅಂದುಕೊಂಡಿದ್ದೆ. ಅಲ್ಲ. ಗ್ರಮನ್ ಕಂಪನಿಯ ಕಾರ್ಖಾನೆಯಲ್ಲಿ ಅಸಲಿ ಹಾಳೆಗಳನ್ನೂ ಕೆಲಸಗಾರರು ಕೈಯಲ್ಲೇ ಮುದುಡ್ತಿದ್ದರು. ಹಾಳೆ ಮೇಲೆ ಹಾಳೆ ನುಣ್ಣಗೆ ಕೂತರೆ ಬಿಸಿ ಸಲೀಸಾಗಿ ದಾಟಿಬಿಡುತ್ತೆ. ಮುದುಡಿದರೆ ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲಿ ಮಾತ್ರ ತಾಗುತ್ತೆ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗೋಕೂ ದಾರಿ ಸಿಗುತ್ತೆ. ಒಳಗಿನ ಇಬ್ಬರು ಬೇಯಬಾರದು, ಹೆಪ್ಪುಗಟ್ಟಬಾರದು ಅಂತ ಯಾರೋ ಕೂತು ಹಾಳೆ ಹಾಳೆಯನ್ನೂ ಕೈಯಾರೆ ಮುದುಡಿದ್ದಾರೆ.

ಕಾಲುಗಳ ವಿಷಯ ಕೇಳಿ. ನೌಕೆಗೆ ನಾಲ್ಕು ಕಾಲು. ಪಾದದ ಕೆಳಗೆ ಉದ್ದನೆಯ ಕಡ್ಡಿ ಇರುತ್ತೆ, ಅದು ನೆಲ ಮುಟ್ಟಿದ ತಕ್ಷಣ ಒಳಗೆ ದೀಪ ಹತ್ತುತ್ತೆ. ಆದರೆ ಈಗಲ್‌ಗೆ ಕಡ್ಡಿ ಇದ್ದಿದ್ದು ಮೂರೇ ಕಾಲಿಗೆ. ಏಣಿ ಇರುವ ಕಾಲಿನ ಕಡ್ಡಿಯನ್ನು ತೆಗೆದುಹಾಕಿದ್ದರು. ಯಾಕೆ? ಇಳಿದ ಮೇಲೆ ಬಾಗಿ ನಿಂತ ಕಡ್ಡಿ, ಏಣಿ ಇಳಿಯುವ ಮನುಷ್ಯನ ಉಡುಪಿಗೆ ಸಿಕ್ಕಿಕೊಂಡರೆ ಅಂತ. ಇಳಿಯೋನ ಬಟ್ಟೆಗೆ ಏನಾದರೂ ತಗುಲೀತು ಅಂತ ಮೊದಲೇ ಯೋಚನೆ ಮಾಡಿ ಒಂದು ಕಡ್ಡಿ ಕಿತ್ತಿದ್ದಾರೆ. ಇಷ್ಟೇ ವಿಷಯ. ಆದರೆ ಅವತ್ತು ನಾನು ಕೆಲಸ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ.

ಕೊನೆಗೆ ಬೊಂಬೆ. 1/48ರಲ್ಲಿ ಒಬ್ಬ ಗಗನಯಾತ್ರಿ 4 ಸೆಂಟಿಮೀಟರೂ ಇಲ್ಲ, ಬೆನ್ನ ಮೇಲಿನ ಪೆಟ್ಟಿಗೆ ಹುಣಸೆ ಬೀಜದಷ್ಟು. ಆ ಉಡುಪಿಗೆ 21 ಪದರ. ಹೊಲಿದವರು ಡೆಲವೇರ್ ರಾಜ್ಯದ ಡೋವರ್ ಊರಿನ ಹೆಣ್ಣುಮಕ್ಕಳು, ಹೊಲಿಗೆ ಯಂತ್ರದ ಮುಂದೆ ಕೂತು. ಒಳಗೆ ಮೈಗೆ ತಾಗುವಂತೆ ಸಣ್ಣ ಕೊಳವೆಗಳ ಬಟ್ಟೆ, ಅದರಲ್ಲಿ ತಣ್ಣೀರು ಹರೀತಿರುತ್ತೆ. ಬೆನ್ನ ಪೆಟ್ಟಿಗೆಯಲ್ಲಿ ಆಮ್ಲಜನಕ, ಬಿಟ್ಟ ಉಸಿರಿನ ವಿಷ ತೆಗೆಯೋಕೆ ಲಿಥಿಯಂ ಹೈಡ್ರಾಕ್ಸೈಡ್. ಪೆಟ್ಟಿಗೆಯ ತಲೆ ಮೇಲೆ ಇನ್ನೊಂದು ಪುಟ್ಟ ಪೆಟ್ಟಿಗೆ. ಅದು ಬೇರೆ ಕೆಲಸಕ್ಕಲ್ಲ. ಮೊದಲನೆಯದು ಕೈಕೊಟ್ಟರೆ ಅರ್ಧ ಗಂಟೆ ಉಸಿರು, ನೌಕೆಗೆ ವಾಪಸ್ ಬರೋವರೆಗೆ. ಸೂಜಿಯಷ್ಟು ಸಣ್ಣ ಬ್ರಷ್ ಹಿಡಿದು ಆ ಪುಟ್ಟ ಪೆಟ್ಟಿಗೆಗೆ ಬಣ್ಣ ಹಚ್ಚುವಾಗಲೇ ನನಗೆ ಈ ಮಾತು ಹೊಳೆದದ್ದು:

ಗಾಳಿ ಇಲ್ಲದ ಜಾಗದಲ್ಲಿ ಮನುಷ್ಯನನ್ನು ಬದುಕಿಸೋದು ಹೇಗೆ ಅನ್ನೋ ಪ್ರಶ್ನೆ 1969ರಲ್ಲೇ ಬಗೆಹರಿದಿದೆ.

ಈಗ ಮ್ಯಾನ್‌ಹೋಲಿಗೆ ಬನ್ನಿ. ಸತ್ಯಶೋಧನೆಗೆ ಹೋದ ಕಡೆಯಲ್ಲೆಲ್ಲ ನಾವು ಕೇಳೋದು ಒಂದೇ ಕತೆ. ಮೊದಲು ಒಬ್ಬ ಇಳಿದ. ಮೇಲೆ ಬರಲಿಲ್ಲ. ಅವನನ್ನು ಎತ್ತೋಕೆ ಅಂತ ಇನ್ನೊಬ್ಬ ಇಳಿದ. ಒಳಗಿರೋದು ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಜಾಸ್ತಿ ಇದ್ದರೆ ಮೂಗೇ ಸತ್ತುಹೋಗುತ್ತೆ, ವಾಸನೆಯೂ ಗೊತ್ತಾಗಲ್ಲ. ಮೈಮೇಲೆ ಎಷ್ಟು ಪದರ? ಒಂದು ಚಡ್ಡಿ. ಅರ್ಧ ಗಂಟೆಯ ಉಸಿರಿನ ಬದಲು? ಒಂದು ಹಗ್ಗ, ಅದೂ ಇದ್ದರೆ. ಆಮೇಲೆ ಅಧಿಕಾರಿಗಳು ಬಂದು "ಆಕಸ್ಮಿಕ" ಅಂತ ಬರೆಯುತ್ತಾರೆ.

ಆಕಸ್ಮಿಕ ಅಂದ್ರೆ ಯಾರಿಗೂ ಗೊತ್ತಿಲ್ಲದ್ದು. ಇದು ಎಲ್ಲರಿಗೂ ಗೊತ್ತಿರೋದು. ಮ್ಯಾನುವಲ್ ಸ್ಕ್ಯಾವೆಂಜಿಂಗ್ ನಿಷೇಧಿಸುವ 2013ರ ಕಾಯ್ದೆ ಇದೆ. ಅದರ ನಿಯಮಗಳಲ್ಲಿ ಉಸಿರಾಟದ ಮುಖವಾಡ, ಅನಿಲ ಅಳೆಯುವ ಸಾಧನ ಎಲ್ಲದರ ಪಟ್ಟಿಯೇ ಇದೆ. ಮತ್ತೆ ನಮ್ಮ ಬೇಡಿಕೆ ಒಳ್ಳೇ ಸೂಟು ಕೊಟ್ಟು ಇಳಿಸಿ ಅನ್ನೋದೂ ಅಲ್ಲ. ಯಾರನ್ನೂ ಇಳಿಸಲೇಬೇಡಿ ಅನ್ನೋದು. ಕೇರಳದ ಯುವ ಎಂಜಿನಿಯರುಗಳು ಮಾಡಿದ 'ಬ್ಯಾಂಡಿಕೂಟ್' ರೋಬೋ 2018ರಲ್ಲೇ ತಿರುವನಂತಪುರದ ಮ್ಯಾನ್‌ಹೋಲಿಗೆ ಇಳಿದಿದೆ. ತಂತ್ರಜ್ಞಾನ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಇಲ್ಲದಿರೋದು, ಒಳಗೆ ಇಳಿಯೋನೂ ನಮ್ಮ ಥರದ್ದೇ ಒಂದು ಜೀವ ಅನ್ನೋ ಭಾವನೆ. ಜಾತಿ ವಿಂಗಡಿಸಿದ್ದು ಬರೀ ಕಸುಬನ್ನಲ್ಲ, ಮನುಷ್ಯರನ್ನೂ ಅಂತ ಬಾಬಾಸಾಹೇಬರು 1936ರಲ್ಲೇ ಬಿಡಿಸಿ ತೋರಿಸಿದರಲ್ಲ, ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಎರಡು ಉಡುಪನ್ನು ಪಕ್ಕಪಕ್ಕ ಇಟ್ಟು ನೋಡಿ.

ಹಾಗಂತ ರಾಕೆಟ್ಟಿನ ಮೇಲೆ ಕೋಪ ಬೇಡ. ಈ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ರಾಲ್ಫ್ ಅಬರ್ನಾಥಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮೇಲೆ ಅವರ ಸಂಘಟನೆಯನ್ನು ಮುನ್ನಡೆಸಿದವರು. 1969ರ ಜುಲೈ 15, ಅಪೊಲೊ 11 ಹಾರುವ ಹಿಂದಿನ ದಿನ. ಅವರು ಹೇಸರಗತ್ತೆ ಗಾಡಿಗಳ ಜೊತೆ ಬಡ ಕಪ್ಪು ಕುಟುಂಬಗಳನ್ನು ಕರ್ಕೊಂಡು ಉಡಾವಣೆಯ ಜಾಗದ ಹತ್ತಿರ ಬಂದರು. ನಾಸಾ ಮುಖ್ಯಸ್ಥ ಥಾಮಸ್ ಪೇನ್ ಬಯಲಿಗೆ ಬಂದು ಅವರ ಮಾತು ಕೇಳಿದರು. ಅಬರ್ನಾಥಿ ರಾಕೆಟ್ ನಿಲ್ಲಿಸಿ ಅನ್ನಲಿಲ್ಲ. ಹೋಗುವ ಮೂವರು ಕ್ಷೇಮವಾಗಿ ಬರಲಿ ಅಂತ ಪ್ರಾರ್ಥಿಸುತ್ತೇನೆ ಎಂದರು. ಇಷ್ಟು ಮಾಡಬಲ್ಲ ದೇಶ ಹಸಿದವರಿಗೆ ಊಟ ಯಾಕೆ ಕೊಡಲ್ಲ ಅಂತ ಕೇಳಿದರು. ಪೇನ್ ಕೊಟ್ಟ ಉತ್ತರ: ನಾಳೆ ಗುಂಡಿ ಒತ್ತದೆ ಇದ್ದರೆ ಬಡತನ ಹೋಗುತ್ತೆ ಅಂತಾದರೆ ನಾವು ಒತ್ತೋದಿಲ್ಲ, ಆದರೆ ಅದು ಚಂದ್ರನಿಗೆ ಹೋಗೋದಕ್ಕಿಂತ ಕಷ್ಟದ ಕೆಲಸ.

ಬಡತನದ ವಿಷಯದಲ್ಲಿ ಪೇನ್ ಹೇಳಿದ್ದು ಇರಬಹುದು. ಮ್ಯಾನ್‌ಹೋಲಿಗೆ ಆ ಮಾತು ಹೊಂದಲ್ಲ. ಇದು ಚಂದ್ರನಿಗೆ ಹೋಗೋದಕ್ಕಿಂತ ಕಷ್ಟ ಅಲ್ಲವೇ ಅಲ್ಲ. ಇಲ್ಲಿಂದ ಹತ್ತು ಹದಿನೈದು ಅಡಿ ಕೆಳಗೆ, ಅಷ್ಟೇ.

ನಮ್ಮ ದೇಶದ ಎರಡು ದಿನಗಳನ್ನು ನೆನಪಿಟ್ಟುಕೊಳ್ಳಿ. 2023ರ ಅಕ್ಟೋಬರ್ 20: ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡೋ ಪರಿಹಾರವನ್ನು ಸುಪ್ರೀಂ ಕೋರ್ಟ್ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಮಾರನೇ ದಿನ, ಅಕ್ಟೋಬರ್ 21: ಇಸ್ರೋ ಶ್ರೀಹರಿಕೋಟಾದಿಂದ ಗಗನಯಾನದ ಒಂದು ಪರೀಕ್ಷೆ ಮಾಡಿತು. ರಾಕೆಟ್ ಮೇಲೆ ಹೋಗುವಾಗ ಏನಾದರೂ ಎಡವಟ್ಟಾದರೆ ಒಳಗಿರೋರನ್ನು ಎಳೆದು ದೂರ ಒಯ್ದು, ಪ್ಯಾರಾಚೂಟ್‌ನಲ್ಲಿ ಸಮುದ್ರಕ್ಕೆ ಇಳಿಸುವ ವ್ಯವಸ್ಥೆಯ ಪರೀಕ್ಷೆ. ಅವತ್ತು ಒಳಗೆ ಯಾರೂ ಇರಲಿಲ್ಲ. ಮುಂದೆ ಎಂದೋ ಹೋಗುವವರ ಜೀವಕ್ಕೆ ಇವತ್ತೇ ಕಾವಲು. ಅದು ಸರಿಯಾದ್ದು, ಹಾಗೇ ಇರಬೇಕು. ಕೋರ್ಟು ಪರಿಹಾರ ಏರಿಸಿದ್ದೂ ಸರಿಯೇ. ಆದರೆ ಒಂದು ಕಡೆ ಜೀವ ಹೋಗುವ ಮೊದಲೇ ಲೆಕ್ಕ, ಇನ್ನೊಂದು ಕಡೆ ಹೋದ ಮೇಲೆ ಲೆಕ್ಕ. ನಾನು ಕೇಳೋದು ಆ ಮೊದಲಿನ ಲೆಕ್ಕವನ್ನು.

ಮೊನ್ನೆ ಒಂದು ಹಾಸ್ಟೆಲ್ ಮಕ್ಕಳ ಮುಂದೆ ಈ ಮಾಡೆಲ್ ಇಟ್ಟು ಇದೆಲ್ಲ ಹೇಳ್ತಿದ್ದೆ. ಏಳನೇ ಕ್ಲಾಸಿನ ಒಬ್ಬಳು ಎದ್ದು ನಿಂತು ಕೇಳಿದಳು:

"ಸಾರ್, ಅವ್ರು ಎರಡಕ್ಕೆ ಎಲ್ಲಿಗೆ ಹೋಗ್ತಿದ್ರು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕಂದ್ರೆ ಒಳ್ಳೇ ಪ್ರಶ್ನೆ. ನೌಕೆಯಲ್ಲಿ ಕಕ್ಕಸು ಇರಲಿಲ್ಲಮ್ಮ, ಅಂದೆ. ಪ್ಲಾಸ್ಟಿಕ್ ಚೀಲ ಇತ್ತು. ಅದನ್ನು ಮೈಗೆ ಅಂಟಿಸಿಕೊಂಡು ಕೂರಬೇಕು. ಆಮೇಲೆ ಅದರೊಳಗೆ ಕ್ರಿಮಿನಾಶಕ ಹಾಕಿ, ಬಾಯಿ ಮುಚ್ಚಿ, ಹೊರಗಿನಿಂದ ಕೈಯಲ್ಲೇ ಹಿಸುಕಿ ಕಲಸಬೇಕು. ಅಪೊಲೊದಲ್ಲಿ ಚಂದ್ರನಿಗೆ ಹೋದವರಿಗೆ ಇದ್ದಿದ್ದು ಇದೇ ವ್ಯವಸ್ಥೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಅಂದ್ರೆ ಅವರದ್ದು ಅವರೇ ತೆಗೀಬೇಕಿತ್ತಾ?"

ಹೌದು ಕಣಮ್ಮ. ಅವರದ್ದು ಅವರೇ.

ಈ ಸಲ ಯಾರೂ ನಗಲಿಲ್ಲ. ಆ ಹಾಸ್ಟೆಲಿನಲ್ಲಿ ಪೌರಕಾರ್ಮಿಕರ ಮಕ್ಕಳು ತುಂಬಾ ಜನ ಇದ್ದಾರೆ.

ಹೊಸ ಕಿಟ್ ಒಂದು ಮನೆಯಲ್ಲಿದೆ, ಡಬ್ಬಿ ಇನ್ನೂ ತೆಗೆದಿಲ್ಲ. ಆ ಹಾಸ್ಟೆಲಿಗೇ ತಗೊಂಡು ಹೋಗಿ ಮಕ್ಕಳ ಜೊತೆ ಕೂತು ಮಾಡೋಣ ಅಂತಿದ್ದೀನಿ. ಉಜ್ಜೋದು, ಅಂಟಿಸೋದು, ಬಣ್ಣ ಹಚ್ಚೋದು ಎಲ್ಲ ಅವರೇ ಮಾಡಲಿ. ಒಂದು ಜೀವ ಉಳಿಸೋಕೆ ಎಷ್ಟು ಜನ, ಎಷ್ಟು ಪದರ, ಎಷ್ಟು ಮುಂಚಿತ ಯೋಚನೆ ಬೇಕು ಅಂತ ಅವರ ಕೈಗೆ ಗೊತ್ತಾಗಲಿ. ಆಮೇಲೆ ಯಾವ ಅಧಿಕಾರಿಯಾದರೂ ಅವರ ಮುಂದೆ ನಿಂತು "ಆಕಸ್ಮಿಕ" ಅನ್ನಲಿ, ನೋಡೋಣ.

ಜೈ ಭೀಮ್.